ಅಗಿದು ಉಗುಳಿದ ಅಕ್ಕಿ

ಅಮೆರಿಕದ ಸರಟೋಗಾದ ಮನೆಯಲ್ಲಿ ಅಕ್ಕಿ ಚೀಲ ಬಿಚ್ಚುತ್ತಿದ್ದ ಅಳಿಯ, "ಮಾವ, ಇಂಟರ್‌ವ್ಯೂಲಿ ಮುಖ ನೋಡಿದ್ರೆ ಸಾಕು, ಸುಳ್ಳು ಹೇಳೋರು ಗೊತ್ತಾಗ್ಬಿಡ್ತಾರೆ" ಅಂದ; ಆ ಅಕ್ಕಿಯ ವಾಸನೆಗೆ ನನಗೆ ಮಂಡ್ಯದ ನಮ್ಮ ಹಜಾರ ನೆನಪಾಯಿತು.

ನಾನಾಗ ಹುಡುಗ. ಒಂದು ಮಧ್ಯಾಹ್ನ ಅಜ್ಜಿಯ ಮೂಗುಬೊಟ್ಟು ಕಳೆದಿತ್ತು. ಕದ್ದವನು ನಾನೇ. ಅಜ್ಜಿ ಹುಡುಕಾಡುವುದನ್ನು ನೋಡಿ ನಗೋಣವೆಂದು ಚಡ್ಡಿ ಜೇಬಿಗೆ ಹಾಕಿಕೊಂಡಿದ್ದೆ. ಕಳ್ಳರನ್ನು ಹಿಡಿಯುವುದರಲ್ಲಿ ಹೆಸರಾಗಿದ್ದ ಜೋಯಿಸರು ಬಂದು, ಮನೆಯವರಿಗೆಲ್ಲ ಒಂದೊಂದು ಹಿಡಿ ಹಸಿ ಅಕ್ಕಿ ಕೊಟ್ಟರು.

"ಅಗಿದು ಎಲೆ ಮೇಲೆ ಉಗೀರಿ. ಕದ್ದೋರ ಬಾಯಿ ಒಣಗಿರುತ್ತೆ."

ಊರಿಗೇ ಟೋಪಿ ಹಾಕುತ್ತಿದ್ದ ನನಗೆ ಈ ಜೋಯಿಸರು ಯಾವ ಲೆಕ್ಕ? ದವಡೆಯಲ್ಲಿ ಹುಣಸೆಹಣ್ಣಿನ ಚೂರು ಒತ್ತಿಟ್ಟುಕೊಂಡೆ. ಬಾಯ್ತುಂಬ ನೀರೂರಿ ನನ್ನ ಅಕ್ಕಿ ಗಂಜಿಯಂತೆ ಬಿತ್ತು. ಅಡಿಗೆಯ ಗಂಗಕ್ಕ ಮೊದಲಿನಿಂದಲೂ ನಡುಗುತ್ತಿದ್ದಳು. ಅವಳದು ಒಣ ಹಿಟ್ಟು.

"ಇವಳೇ" ಅಂದರು ಜೋಯಿಸರು.

"ನಾನಲ್ಲ ಅಮ್ಮಾವ್ರೇ, ನನ್ ಮಗಳಾಣೆ."

"ನಾಳೆಯಿಂದ ಬರ್ಬೇಡ" ಅಂದರು ಅಜ್ಜಿ.

ನಾನು ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತೇ ಇದ್ದೆ. ಗಂಗಕ್ಕ ಎಲೆ ಮಡಚಿ, ನೆಲ ಒರೆಸಿ, ಹಿತ್ತಲ ಬಾಗಿಲಿನಿಂದ ಹೊರಟುಹೋದಳು. ಅಜ್ಜಿ ನನ್ನ ಗಲ್ಲ ಹಿಡಿದೆತ್ತಿದರು.

"ಅಳ್ಬೇಡ ಮಗೂ. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ, ಎಷ್ಟು ಮೆತ್ತಗಿನ ಮನಸ್ಸು ನಿಂದು ಅಂತ."