ಮನೆಯವರ ಕೋಣೆ

“ಮನಿಯವರ ಸಭಾ ಆ ಕಡೆ ಕೋಣ್ಯಾಗ ಅದರಿ, ತಂಗಿ. ನಿಮ್ಮ ಯಜಮಾನ್ರನ್ನ ಇಲ್ಲೆ ಕಳಸ್ರಿ.”

ಬಾಗಿಲಲ್ಲಿ ನಿಂತಿದ್ದ ಬಿಂದುಮಾಧವರು ನಗುನಗುತ್ತಲೇ ಹೇಳಿದರು. ಹದಿನೆಂಟು ವರ್ಷದ ಹಿಂದೆ ಕುಡಿತ ಬಿಟ್ಟವರು. ಕುಡಿತ ಬಿಡಬೇಕೆನ್ನುವವರಿಗಾಗಿ ಹುಬ್ಬಳ್ಳಿಯ ವಿದ್ಯಾನಗರದ ಈ ಸಣ್ಣ ಶಾಲೆಯಲ್ಲಿ ಪ್ರತಿ ಭಾನುವಾರ ಸಂಜೆ ಸಭೆ ನಡೆಸುವವರು ಅವರೇ.

“ಯಜಮಾನ್ರು ಯಾರೂ ಬಂದಿಲ್ರಿ,” ಎಂದಳು ವೃಂದಾ. “ಕುಡಿಯೋದು ನಾನು. ಬಿಟ್ಟು ಇಪ್ಪತ್ಮೂರು ದಿನ ಆತು.”

ಬಿಂದುಮಾಧವರ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಮುಖದ ಮೇಲೇ ನಿಂತುಬಿಟ್ಟಿತು.

ಈ ಒಂದು ಮಾತು ಹೇಳುವುದಕ್ಕಾಗಿ ಅವಳು ಧಾರವಾಡದ ಸಪ್ತಾಪುರದಿಂದ ಬಸ್ಸು ಹತ್ತಿ ಬಂದಿದ್ದಳು. ಅಲ್ಲಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಮನೆಯಿಂದ ಹೊರಬಿದ್ದರೆ ಹತ್ತು ಹೆಜ್ಜೆಗೊಬ್ಬರು ನಮಸ್ಕಾರ ಹೇಳುತ್ತಾರೆ. ಗುಳಿಗೆ ಕೊಟ್ಟ ಡಾಕ್ಟರು, “ಒಬ್ಬರೇ ಇರಬ್ಯಾಡ್ರಿ, ನಿಮ್ಮಂಥವರ ಜೋಡಿ ಕೂತು ಮಾತಾಡ್ರಿ” ಎಂದು ಮೂರು ಗುಂಪುಗಳ ನಂಬರು ಬರೆದುಕೊಟ್ಟಿದ್ದರು. ಮೊದಲನೆಯವರು ಹೆಣ್ಣುದನಿ ಕೇಳಿದ ಕೂಡಲೇ ಗಂಡನ ವಯಸ್ಸು ಕೇಳಿದರು. ತನಗೇ ಎಂದಾಗ ಫೋನು ಇಟ್ಟರು. ಎರಡನೆಯವರು, ಹೆಂಗಸರಿಗೆ ಇದಕ್ಕಿಂತ ಭಜನೆ ಛಲೋ ಎಂದರು. ಇದು ಮೂರನೆಯದು.

“ಹಂಗಲ್ರಿ…” ಬಿಂದುಮಾಧವರು ದನಿ ತಗ್ಗಿಸಿದರು. “ಇಲ್ಲೆ ಬರೇ ಗಂಡಸ್ರು. ಮನಸ್ಸು ಬಿಚ್ಚಿ ಮಾತಾಡ್ತಾರ. ನೀವು ಕೂತ್ರ ಅವರಿಗೆ ನಾಚಿಕಿ ಬರ್ತದ. ಆ ಕೋಣ್ಯಾಗ ಎಲ್ಲಾ ಹೆಣ್ಮಕ್ಕಳೇ ಇದ್ದಾರ, ಅಲ್ಲೆ ಕೂಡ್ರಿ.”

ವೃಂದಾ ಹೋಗಿ ಕೂತಳು. ಎಂಟು ಮಂದಿ ಹೆಂಗಸರು, ಒಬ್ಬೊಬ್ಬರಾಗಿ ಕುಡುಕ ಗಂಡಂದಿರ ಪಾಡು ಹೇಳಿಕೊಳ್ಳುತ್ತಿದ್ದರು. ತನ್ನ ಸರದಿ ಬಂದಾಗ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಒಬ್ಬಾಕೆ ಮಡಿಲಲ್ಲಿದ್ದ ಮಗಳನ್ನು ಇನ್ನಷ್ಟು ಒಳಗೆ ಎಳೆದುಕೊಂಡಳು. ಹಣೆಯ ಮೇಲೆ ಹೊಲಿಗೆಯ ಗುರುತಿದ್ದ ಯಂಕವ್ವ ಎಂಬಾಕೆ ಎದ್ದೇ ನಿಂತಳು. “ನಾವು ಕುಡದು ಬಂದವರ ಕೈಯಾಗ ಹೊಡಸ್ಕೊಂಡವ್ರು. ನಮ್ಮ ನಡುವ ನೀ ಹೆಂಗ ಕುಂತೀಯವ್ವಾ?” ಆಕೆಯ ಮೇಲೆ ಸಿಟ್ಟಾಗುವುದು ವೃಂದಾಳಿಗೆ ಆಗಲಿಲ್ಲ. ಎದ್ದು ಹೊರಗೆ ಬಂದಳು.

ವರಾಂಡದಲ್ಲಿ, ತೆರೆದ ಬಾಗಿಲಿನಿಂದ, ಗಂಡಸರ ಕೋಣೆಯ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಒಬ್ಬ ಗಂಡಸು ಗದ್ಗದಿತನಾಗಿ ಹೇಳುತ್ತಿದ್ದ: “ಹುಡುಗೂರ ಮುಂದ ಹೆಂಡ್ತಿ ಕೂದ್ಲಾ ಹಿಡದು ಅಂಗಳತನಕ ಎಳಕೊಂಡು ಹೋಗಿದ್ನಿರಿ.” ಚಪ್ಪಾಳೆ ಬಿತ್ತು. ಬಿಂದುಮಾಧವರು ಅವನ ಬೆನ್ನು ಸವರಿದರು. “ಹೇಳಿದಿರಲ್ಲಾ, ಅರ್ಧಾ ಭಾರ ಇಳೀತು.” ಯಾರೋ ಅವನ ಕೈಗೆ ಚಹಾ ಕೊಟ್ಟರು.

ವೃಂದಾಳ ಸಿಟ್ಟು ನೆತ್ತಿಗೇರಿತು. ನೇರ ಬಾಗಿಲಿಗೆ ಹೋಗಿ ನಿಂತಳು.

“ಹೆಂಡ್ತಿ ಕೂದ್ಲಾ ಹಿಡದು ಎಳದದ್ದು ಹೇಳ್ಲಿಕ್ಕೆ ಇವರಿಗೆ ನಾಚಿಕಿ ಇಲ್ಲ. ನಾ ಒಂದು ಕುರ್ಚಿ ಮ್ಯಾಲೆ ಕೂತ್ರ ನಾಚಿಕೀನ್ರಿ?”

ಹದಿನಾಲ್ಕು ಗಂಡಸರು ನೆಲ ನೋಡಿದರು. ಬಿಂದುಮಾಧವರು ಎದ್ದು ಬಂದರು. “ಸಿಟ್ಟಾಗಬ್ಯಾಡ್ರಿ, ತಂಗಿ. ಕಮಿಟಿಯೊಳಗ ಕೇಳಿ ಹೇಳ್ತೀನಿ.” ಬಹಳ ಮೆತ್ತಗೆ, ಸಪ್ಪಳವಾಗದ ಹಾಗೆ, ಬಾಗಿಲು ಹಾಕಿಕೊಂಡರು.

ಅವಳು ವರಾಂಡದ ಮೆಟ್ಟಿಲ ಮೇಲೆ ಕೂತಳು. ಬಸ್‌ಸ್ಟಾಪಿನ ದಾರಿಯಲ್ಲಿ ಎರಡು ವೈನ್‌ಶಾಪುಗಳಿದ್ದುದನ್ನು ಬರುವಾಗಲೇ ನೋಡಿದ್ದಳು. ಅಲ್ಲಿ ಒಳಗೆ ಬಿಡುವುದಕ್ಕೆ ಯಾರೂ ಕಮಿಟಿಯನ್ನು ಕೇಳುವುದಿಲ್ಲ.

“ಹೋಗಬ್ಯಾಡವ್ವಾ.”

ಹೆಂಗಸರ ಕೋಣೆಯಿಂದ ಅರವತ್ತರ ಒಬ್ಬಾಕೆ ಬಂದು, ಸೆರಗು ಸರಿಮಾಡಿಕೊಂಡು ಪಕ್ಕದಲ್ಲೇ ಕೂತಳು. ಕೇಶ್ವಾಪುರದ ಅರಳೆ ವ್ಯಾಪಾರದ ಮನೆಯವಳಂತೆ, ಹೆಸರು ಚನ್ನಬಸವ್ವ.

“ನಾ ಆ ಕೋಣಿಗೆ ಬರಾಕತ್ತು ಮೂರು ವರ್ಷ ಆತು. ಗಂಡ ಕುಡೀತಾನ, ಹಾಸಿಗಿ ಗಂಟಿನಾಗ ಬಾಟ್ಲಿ ಮುಚ್ಚಿಡ್ತಾನ, ಮುಂಜಾನೆದ್ರ ಕೈ ನಡಗತಾವ, ಎಲ್ಲಾ ಹೇಳೇನಿ.”

“ಈಗ ಹೆಂಗಿದ್ದಾರ್ರಿ ಅವರು?”

“ಅವ್ರಿಗೇನಾಗೇತಿ? ಅಡಕಿ ಚೂರೂ ಬಾಯಾಗ ಹಾಕ್ಕೊಂಡವ್ರಲ್ಲ.” ಚನ್ನಬಸವ್ವ ಎರಡೂ ಕೈ ಮುಂದೆ ಚಾಚಿದಳು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. “ನಿನ್ನೀನೂ ಕುಡದೇನಿ. ಖರೇ ಹೇಳಾಕತ್ತಿದ್ದು ಇದ ಮೊದಲು.”

ವೃಂದಾ ಆ ಕೈಗಳನ್ನು ಹಿಡಿದುಕೊಂಡಳು. ತಾನು ಸ್ಟೀಲಿನ ಲೋಟದಲ್ಲಿ ಹಾಕಿಕೊಂಡು, ಉತ್ತರ ಪತ್ರಿಕೆ ತಿದ್ದುತ್ತ ಕುಡಿಯುತ್ತಿದ್ದುದನ್ನು ಹೇಳಿದಳು. ಅದನ್ನು ಮಾತ್ರ ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಚನ್ನಬಸವ್ವ ಅತ್ತಳು, ಆಮೇಲೆ ಏನೋ ನೆನೆದು, “ಪಾಪ, ಮೂರು ವರ್ಷ ಅವ್ರನ್ನ ಕುಡುಕ ಮಾಡಿಬಿಟ್ಟೆ” ಎಂದು ಗಟ್ಟಿಯಾಗಿ ನಕ್ಕಳು.

ಬಾಗಿಲು ಅರ್ಧ ತೆರೆಯಿತು. ಬಿಂದುಮಾಧವರು ಇಣುಕಿದರು.

“ಸ್ವಲ್ಪ ಮೆಲ್ಲಕ ಮಾತಾಡ್ರಿ. ಇಲ್ಲೆ ಸಭಾ ನಡದದ.”

ವೃಂದಾ ಏಳಲಿಲ್ಲ, ತಿರುಗಿಯೂ ನೋಡಲಿಲ್ಲ.

“ಇಲ್ಲೂ ನಡದದರಿ. ಬಾಗ್ಲಾ ಹಾಕ್ಕೋರಿ.”