ಮೂರು ದಿನದ ಕಪ್ಪು ಚೌಕಗಳು

ಇವತ್ತೂ ಸರಿಹೋಗಲಿಲ್ಲ ಎಂದರೆ ವನಜಾಕ್ಷಿ ನಂಬುತ್ತಾಳೆಯೇ? ಜನರ ದನಿ ಹೋಗಿ ಹನ್ನೊಂದು ವರ್ಷವಾಗಿತ್ತು. ಎಲ್ಲರ ಮಾತೂ ಎದೆಯ ಮೇಲಿನ ಎಲ್‌ಸಿಡಿ ಪರದೆಯಲ್ಲಿ ಮೂಡುತ್ತಿತ್ತು. ಜಗಳದ ನಡುವೆ ಹೆಂಡತಿ ವನಜಾಕ್ಷಿಯ ಪರದೆಯ ಬೋರ್ಡ್ ಸುಟ್ಟಾಗ, ರಿಪೇರಿ ಕೆಲಸದ ರುದ್ರಮುನಿ ತಾನೇ ಹೊಸದು ಹಾಕಿ, ಸೆಟ್ಟಿಂಗಿನಲ್ಲಿ ಪರದೆಯ ವೈರು ಕೂರುವ ಪಿನ್ನಿನ ಹಳೆಯ ನಂಬರನ್ನೇ ಉಳಿಸಿಬಿಟ್ಟಿದ್ದ. ಅಂದಿನಿಂದ ಅವಳೆದೆಯಲ್ಲಿ ಬರೀ ಕಪ್ಪು ಚೌಕಗಳು. ಜಗಳದಲ್ಲಿ ಅರ್ಧಕ್ಕೆ ನಿಂತ ಅವಳ ಮಾತು ‘ತವರಿಗೆ ಹೋಗ್ತೀನಿ’ ಎಂದೇ ಇರಬೇಕೆಂದು ಅವನಿಗೆ ಭಯ.

ಅವಳೇ ಎದುರು ಕೂತು, ಲ್ಯಾಪ್‌ಟಾಪಿನ ವೈರನ್ನು ಎದೆಯ ಪರದೆಗೆ ಸಿಕ್ಕಿಸಿಕೊಂಡು ಕಾದಳು. ಆ ನಂಬಿಕೆಗೆ ಸೋತು ಅವನು ಪಿನ್ ನಂಬರಿನ ನಾಲ್ಕನ್ನು ಅಳಿಸಿ ಹನ್ನೆರಡು ಮಾಡಿದ. ಚೌಕಗಳು ಕರಗಿ ಅಕ್ಷರಗಳಾದವು.

“ಮೂರು ದಿನದಿಂದ ನೆಟ್ಟಗೆ ಊಟ ಮಾಡಿಲ್ಲ ನೀವು. ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋತಾರಾ ರಿಪೇರಿ ಸಾಹೇಬ್ರು?”

“ಕಷ್ಟದ ಕೆಲ್ಸ ಕಣೇ” ಎಂದು ಅವನ ಪರದೆಯಲ್ಲಿ ಮೂಡಿತು.

ತಪ್ಪು ಮೊದಲ ದಿನವೇ ಗೊತ್ತಾಗಿತ್ತೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.