ಥರ್ಮಾಕೋಲ್ ಗೋಡೆಯ ತೂತು

ಏಣಿಯ ಮೇಲೆ ನಿಂತ ಗುಸ್ತಾವ್ ಬಿರುಕು ಮುಚ್ಚುವ ಫೋಮ್ ಡಬ್ಬಿಯ ಮೂತಿಯನ್ನು ಗೋಡೆಯ ತೂತಿಗೆ ತುರುಕಿದ. ಮನೆಗೆ ಬೆಚ್ಚನೆಯ ಹೊದಿಕೆ ಇಲ್ಲದಿದ್ದರೆ ಮನೆ ಕಾಯಿಸುವ ವಿದ್ಯುತ್ ಹೀಟ್ ಪಂಪಿಗೆ ಸರ್ಕಾರದ ಸಹಾಯಧನವಿಲ್ಲ ಎಂದಿದ್ದಕ್ಕೆ ಸುತ್ತಲೂ ಥರ್ಮಾಕೋಲ್ ಹೊಡೆಸಿದ್ದ. ಅದನ್ನು ಮರಕುಟಿಗವೊಂದು ಕುಟ್ಟಿ ತೂತು ಮಾಡಿ ಬಿಟ್ಟುಹೋಗಿತ್ತು. ತೂತು ಮುಚ್ಚದೆ ಸಹಿ ಹಾಕುವುದಿಲ್ಲವೆಂದು ಬಿಯಾವಿಸ್ತೋಕ್ ಪಟ್ಟಣದಿಂದ ಬಂದ ತಪಾಸಣೆಯ ಅಧಿಕಾರಿ ಯಾರೋಷ್ ಕೆಳಗೆ ನಿಂತಿದ್ದ.

"ಒಳಗೆ ಗೂಡಿದ್ರೆ ಮುಟ್ಟಬೇಡಿ ಸಾರ್. ಅಕ್ಟೋಬರ್ ತನಕ ಕಾನೂನು ಬಿಡಲ್ಲ."

"ಅರ್ಜಿಗೆ ಕೊನೇ ದಿನ?"

"ಈ ಶುಕ್ರವಾರ."

"ನಿಮ್ಮ ಕಾನೂನಿಗಿಷ್ಟು ಬೆಂಕಿ ಹಾಕ!"

ಯಾರೋಷ್ ಮೆಲ್ಲಗೆ ಬೆನ್ನು ತಿರುಗಿಸಿದ. "ನಾನಂತೂ ಏನೂ ನೋಡಿಲ್ಲ."

"ಒತ್ರೀ ಬೇಗ!" ಹೆಂಡತಿ ಜೆನೋಬಿಯಾ ಏಣಿ ಹಿಡಿದೇ ಕೂಗಿದಳು. "ಇನ್ನೊಂದು ಚಳಿಗಾಲ ಕಲ್ಲಿದ್ದಲು ಹೊರೋಕೆ ನನ್ನ ಕೈಲಾಗಲ್ಲ."

ಗುಸ್ತಾವ್ ಡಬ್ಬಿಯ ಗುಂಡಿಯ ಮೇಲೆ ಬೆರಳಿಟ್ಟ. ಒಳಗಿನಿಂದ ಚಿಲಿಪಿಲಿ ಕೇಳಿಸಿತು. ಮೂತಿಯನ್ನು ಹೊರಗೆಳೆದರೆ ತುದಿಗೆ ಗುಬ್ಬಿಯ ಪುಕ್ಕವೊಂದು ಅಂಟಿತ್ತು. ಬಗ್ಗಿ ಇಣುಕಿದ. ಗೂಡಿನಲ್ಲಿ ನಾಲ್ಕು ಪುಟ್ಟ ಕೊಕ್ಕುಗಳು ಅಗಲಕ್ಕೆ ತೆರೆದುಕೊಂಡಿದ್ದವು.

"ಥೂ, ಹಾಳಾದವು!" ಎಂದು ಡಬ್ಬಿಯನ್ನು ಕೆಳಗೆಸೆದ. "ರೀ ಯಾರೋಷ್, ಮನೇಲಿ ಎಷ್ಟು ಜನ ಅಂತ ಬರ್ಕೊಂಡಿದ್ದೀರಿ?"

"ಇಬ್ಬರು."

"ಆರು ಅಂತ ತಿದ್ದಿ."